ಅಷ್ಟು ರೊಕ್ಕಕ್ಕೆ ಎಷ್ಟು ಜಾಗ ಬೇಕು?

ವಿಜಯಪುರದ ಪತ್ತಿನ ಸಹಕಾರಿ ಸಂಘವೊಂದರಲ್ಲಿ ಕ್ಯಾಶಿಯರ್ ಆಗಿದ್ದಾಗ, ಬ್ಯಾಂಕಿಗೆ ತುಂಬಲು ಹೊರಟ ರೊಕ್ಕ ಒಂದು ದಿನ ಬ್ಯಾಗಿನಲ್ಲಿ ಹಿಡಿಸಲೇ ಇಲ್ಲ. ಲೆಕ್ಕ ಹಾಕಿಯೇ ಬ್ಯಾಗು ತಂದಿದ್ದೆ. ಆದರೆ ಹೊಸ ನೋಟಿನ ದಪ್ಪ ಹಿಡಿದು ಹಳೆ ನೋಟಿನ ಲೆಕ್ಕ ಮಾಡಿದ್ದೆ. ಉಳಿದ ಕಟ್ಟುಗಳು ಮತ್ತೆ ತಿಜೋರಿ ಸೇರಿದವು.

ಮೊದಲು ನೋಟಿನ ಅಳತೆ. ಈಗಿನ 500ರ ನೋಟು 15 ಸೆಂ.ಮೀ. ಉದ್ದ, 6.6 ಸೆಂ.ಮೀ. ಅಗಲ. ಹೊಸ ಮಾದರಿಯ 200ರದು 14.6, 100ರದು 14.2 ಸೆಂ.ಮೀ. ಉದ್ದ, ಅಗಲ ಅಷ್ಟೇ.

ಮುಂದಿನದು ದಪ್ಪ. ಎಡವಟ್ಟಾಗುವುದು ಇಲ್ಲಿಯೇ. ಒಂದೇ ನೋಟನ್ನು ಅಳೆಯಲು ಹೋಗಬೇಡಿ. ನೂರು ನೋಟುಗಳ ಕಟ್ಟನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಹದವಾಗಿ ಒತ್ತಿ, ಪಕ್ಕಕ್ಕೆ ಸ್ಕೇಲ್ ನಿಲ್ಲಿಸಿ. ಗರಿಗರಿ ಕಟ್ಟು ಸುಮಾರು 1.1 ಸೆಂ.ಮೀ. ಬರುತ್ತದೆ. ಸಂತೆ, ಎಪಿಎಂಸಿ ಸುತ್ತಿ ಬಂದದ್ದು 1.4ರವರೆಗೂ ಉಬ್ಬಿರುತ್ತದೆ. ನಾಲ್ಕು ಮಡಿಕೆ ಮಾಡಿ ಅಂಗಿ ಕಿಸೆಯಲ್ಲಿಟ್ಟ ನೋಟಿನ ಗೆರೆ ಎಷ್ಟು ತೀಡಿದರೂ ಹೋಗುವುದಿಲ್ಲ. ಅಂಥ ನೂರು ಗೆರೆಗಳು ಒಂದರ ಮೇಲೊಂದು ಕೂತಾಗ ಕಟ್ಟಿನ ನಡು ಎದ್ದು ನಿಲ್ಲುತ್ತದೆ. ಆದ್ದರಿಂದ ಅಂಚಿನಲ್ಲಲ್ಲ, ನಡುವಿನಲ್ಲಿ ಅಳೆಯಿರಿ.

ಈಗ ಗುಣಿಸಿ. 15 × 6.6 × 1.1 ಅಂದರೆ ಒಂದು ಕಟ್ಟಿಗೆ ಸುಮಾರು 109 ಘನ ಸೆಂ.ಮೀ. 500ರ ಒಂದು ಕಟ್ಟು 50,000 ರೂಪಾಯಿ, ಒಂದು ಕೋಟಿಗೆ 200 ಕಟ್ಟು. ಒಟ್ಟು ಸುಮಾರು 22 ಲೀಟರ್. ಮನೆಗೆ ತರಿಸುವ 20 ಲೀಟರಿನ ನೀರಿನ ಕ್ಯಾನಿಗಿಂತ ತುಸು ಹೆಚ್ಚು. ನೋಟೊಂದು ಒಂದು ಗ್ರಾಂಗಿಂತ ತುಸು ಹೆಚ್ಚು, ಹಾಗಾಗಿ ಭಾರವೂ 20 ಕೆ.ಜಿ. ದಾಟುತ್ತದೆ. ಅದೇ ಕೋಟಿ 100ರ ನೋಟಿನಲ್ಲಿದ್ದರೆ 1,000 ಕಟ್ಟು, 103 ಲೀಟರ್.

ಲೀಟರ್ ಲೆಕ್ಕ ನಂಬಿ ಬ್ಯಾಗು ಕೊಳ್ಳಬೇಡಿ, ಕಟ್ಟು ಜೋಡಿಸಿ ನೋಡಿ. ಒಳಗೆ 45 × 30 × 20 ಸೆಂ.ಮೀ. ಇರುವ ಪೆಟ್ಟಿಗೆ 27 ಲೀಟರಿನದು. ಉದ್ದಕ್ಕೆ ಮೂರು, ಅಗಲಕ್ಕೆ ನಾಲ್ಕು, ಒಂದು ಸಾಲಿಗೆ 12 ಕಟ್ಟು. ಹೊಸ ನೋಟಾದರೆ 18 ಸಾಲು, ಅಂದರೆ 216 ಕಟ್ಟು: ಒಂದು ಕೋಟಿ ಎಂಟು ಲಕ್ಷ. ಹಳೆಯದಾದರೆ 14 ಸಾಲು, 168 ಕಟ್ಟು, 84 ಲಕ್ಷಕ್ಕೇ ಮುಗಿಯಿತು. ಪಕ್ಕದಲ್ಲಿ ಉಳಿದ 3.6 ಸೆಂ.ಮೀ. ಸಂದಿನಲ್ಲಿ ಕಟ್ಟುಗಳನ್ನು ಅಡ್ಡ ನಿಲ್ಲಿಸಿದರೆ ಇನ್ನೂ 18 ಹಿಡಿಸುತ್ತವೆ; ಆದರೂ 93 ಲಕ್ಷ. ಅಂದು ನನಗಾದದ್ದು ಇದೇ.

ಪೇಪರಿನಲ್ಲಿ ಓದುವ ದೊಡ್ಡ ಮೊತ್ತಗಳನ್ನೂ ಹೀಗೇ ಕಣ್ಣಮುಂದೆ ತಂದುಕೊಳ್ಳಬಹುದು. ನಮ್ಮ ಗೋಳಗುಮ್ಮಟದ ಒಳನೆಲ ಸುಮಾರು 1,700 ಚದರ ಮೀಟರ್. ಒಂದು ಚದರ ಮೀಟರಿಗೆ 500ರ ನೂರು ಕಟ್ಟು ಹಾಸಿದರೆ 50 ಲಕ್ಷ. ಇಡೀ ನೆಲಕ್ಕೆ ಒಂದೇ ಪದರ ಹಾಸಲು 850 ಕೋಟಿ ಬೇಕು, ಎತ್ತರ ಮಾತ್ರ ಕಿರುಬೆರಳಿನಷ್ಟು ದಪ್ಪ.