ಮನೆಯಲ್ಲೇ ಕಟ್ಟಿದ ಕಾರಿಗೆ ಹಬ್ ಆರಿಸಿದ್ದು ಹೀಗೆ

ನನ್ನ ಕಾರು ಎರಡೇ ಸೀಟಿನದು. ಎಂಜಿನ್ ಸೀಟಿನ ಹಿಂದೆ, ತೂಕ ಸುಮಾರು 700 ಕೆ.ಜಿ. ಹಬ್ ಎಂದರೆ ಗಾಲಿಯನ್ನು ಬೋಲ್ಟ್ ಹಾಕಿ ಕೂರಿಸುವ ನಡುಭಾಗ; ಅದು ಸಲೀಸಾಗಿ ತಿರುಗಲು ಇರುವುದು ವೀಲ್ ಬೇರಿಂಗ್. ಇಷ್ಟು ಹಗುರವಾದ ಗಾಡಿಗೆ ಯಾವ ವೀಲ್ ಬೇರಿಂಗ್ ಹಾಕಿದರೂ ನಡೆಯುತ್ತದೆ ಎನ್ನುವವರು ಬಹಳ ಜನ. ಲೆಕ್ಕ ಹಾಕಿ ನೋಡಿದರೆ ಹಾಗನ್ನಿಸುವುದಿಲ್ಲ.

ಜೋರಾಗಿ ತಿರುಗುವಾಗ ಹೊರಬದಿಯ ಮುಂದಿನ ಗಾಲಿಯ ಮೇಲೆ 300 ಕೆ.ಜಿ. ಬಿತ್ತು ಅಂದುಕೊಳ್ಳಿ. ಒಳ್ಳೆಯ ಟೈರು 1.2 ಜಿ ಹಿಡಿತ (ಅಂದರೆ ತನ್ನ ಮೇಲಿನ ಭಾರದ 1.2 ಪಟ್ಟು) ಕೊಟ್ಟರೆ ನೆಲದಿಂದ ಟೈರಿಗೆ ಬರುವ ಅಡ್ಡಬಲ ಸುಮಾರು 3500 ನ್ಯೂಟನ್. 205/50 ಆರ್15 ಟೈರಿನ ತ್ರಿಜ್ಯ 0.29 ಮೀಟರ್. ಎರಡನ್ನೂ ಗುಣಿಸಿದರೆ, ಗಾಲಿಯನ್ನು ಬುಡದಿಂದ ಮಗುಚಲು ನೋಡುವ ತಿರುಚುಬಲ 1000 ನ್ಯೂಟನ್-ಮೀಟರ್ ದಾಟುತ್ತದೆ. ಇದನ್ನು ತಡೆಯಬೇಕಾದ್ದು ಬೇರಿಂಗಿನ ಎರಡು ಸಾಲು ಗುಂಡುಗಳು. ಅವು ಬಲ ಹಿಡಿಯುವ ಅಂತರ 60 ಮಿ.ಮೀ. ಇದ್ದರೆ ಒಂದೊಂದು ಸಾಲಿಗೂ 17,000 ನ್ಯೂಟನ್ ಹತ್ತಿರ ಬೀಳುತ್ತದೆ. ಗಾಡಿಯ ಭಾರದಿಂದ ಬರುವುದು ಅದರ ಐದನೇ ಒಂದು ಪಾಲೂ ಅಲ್ಲ. ಬಾಲ್ ಬೇರಿಂಗಿನ ಮೇಲೆ ಹೊರೆ ಎರಡು ಪಟ್ಟಾದರೆ ಆಯಸ್ಸು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ನಾನು ಕಾರಿನ ತೂಕಕ್ಕಿಂತ ಟೈರಿನ ಹಿಡಿತ ನೋಡಿ ಹುಡುಕಿದೆ. 1200–1300 ಕೆ.ಜಿ. ತೂಗುವ ಕಾರಿನ ಹಬ್ ತಂದರೆ ರಸ್ತೆ ಟೈರಿಗೆ ಧಾರಾಳ. ಸ್ಲಿಕ್ ಟೈರು (ಗೀರಿಲ್ಲದ, ಹಿಡಿತ ಹೆಚ್ಚಿರುವ ಪಂದ್ಯದ ಟೈರು) ಹಾಕುವವರು ಆ ಧಾರಾಳವನ್ನು ಅಲ್ಲೇ ತಿಂದು ಮುಗಿಸುತ್ತಾರೆ.

ಲೋಟಸ್ ಸೆವೆನ್ (ಹಗುರವಾದ ಎರಡು ಸೀಟಿನ ಹಳೆಯ ಕಾರು) ಮಾದರಿಯ ಕಾರು ಕಟ್ಟುವವರು ಬಹಳ ಕಾಲ ಫೋರ್ಡ್ ಕಾರ್ಟಿನಾದ ಮುಂದಿನ ಅಪ್‌ರೈಟ್ (ಹಬ್ಬನ್ನು ಹಿಡಿದು ಸಸ್ಪೆನ್ಷನ್ನಿಗೆ ಸೇರಿಸುವ ತುಂಡು) ಬಳಸಿದರು. ಅದರಲ್ಲಿ ಜೋಡಿ ಟೇಪರ್ ರೋಲರ್ ಬೇರಿಂಗ್ (ಗುಂಡಿನ ಬದಲು ಓರೆಯಾದ ಉರುಳೆಗಳಿರುವುದು): ಅಗ್ಗ, ಬಿಚ್ಚಿ ಗ್ರೀಸ್ ತುಂಬಬಹುದು, ಪ್ಲೇ (ಸಡಿಲ) ಕೈಯಲ್ಲೇ ಹೊಂದಿಸಬಹುದು. ಆದರೆ ಆಗಾಗ ಹೊಂದಿಸುತ್ತಲೂ ಇರಬೇಕು. ನನಗೆ ಆ ಗೊಡವೆ ಬೇಡವಾಗಿತ್ತು.

ಉಳಿದದ್ದು ಎರಡು ದಾರಿ. ಮೊದಲ ತಲೆಮಾರಿನ ಬೇರಿಂಗನ್ನು ಅಪ್‌ರೈಟಿನ ತೂತಿಗೆ ಪ್ರೆಸ್ ಮಾಡಿ ಕೂರಿಸಬೇಕು. ಮೂರನೇ ತಲೆಮಾರಿನದರಲ್ಲಿ ಹಬ್ಬೂ ಬೇರಿಂಗೂ ಒಂದೇ ತುಂಡು, ಬೋಲ್ಟ್ ಹಾಕಿದರೆ ಕೆಲಸ ಮುಗಿಯಿತು. ನನ್ನ ಅಪ್‌ರೈಟ್ 3 ಮಿ.ಮೀ. ಉಕ್ಕಿನ ತಗಡು ಕತ್ತರಿಸಿ ವೆಲ್ಡ್ ಮಾಡಿದ್ದು. ವೆಲ್ಡ್ ಆದಮೇಲೆ ಯಾವ ತಗಡೂ ಮೊದಲಿನ ಹಾಗಿರುವುದಿಲ್ಲ. ಆಮೇಲೆ ಅದರಲ್ಲಿ ಮಿಲಿಮೀಟರಿನ ನೂರನೇ ಒಂದರ ಲೆಕ್ಕದಲ್ಲಿ ಬೋರ್ (ಬೇರಿಂಗ್ ಕೂರುವ ತೂತು) ತೆಗೆಸುವುದಕ್ಕಿಂತ ಒಂದು ಮುಖವನ್ನು ಸಮತಟ್ಟು ಮಾಡಿಸುವುದು ಎಷ್ಟೋ ಸಲೀಸು. ಮೂರನೇ ತಲೆಮಾರಿನದನ್ನೇ ತಂದೆ.

ಅಪ್‌ರೈಟ್ ಅಲ್ಯೂಮಿನಿಯಂ ಆಗಿದ್ದು ಪ್ರೆಸ್ ಬೇರಿಂಗ್ ಹಾಕುವವರಿಗೆ ಒಂದು ಮಾತು. ಬ್ರೇಕಿನ ಕಾವಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. 72 ಮಿ.ಮೀ. ಬೋರ್ 60 ಡಿಗ್ರಿ ಬಿಸಿಯೇರಿದರೆ ಬೇರಿಂಗಿನ ಬಿಗಿ 0.05 ಮಿ.ಮೀ. ಹತ್ತಿರ ಸಡಿಲವಾಗುತ್ತದೆ. ಬೀಡುಕಬ್ಬಿಣದ ಅಪ್‌ರೈಟಿಗೆಂದು ಕೊಟ್ಟ ಅಳತೆಯನ್ನೇ ಇಟ್ಟುಕೊಂಡರೆ ಹೊರಗಿನ ರೇಸ್ (ಗುಂಡುಗಳು ಉರುಳುವ ಉಕ್ಕಿನ ಬಳೆ) ತನ್ನ ಜಾಗದಲ್ಲೇ ತಿರುಗಲು ಶುರುಮಾಡಬಹುದು. ಇನ್ನು, ಪ್ರೆಸ್ ಮಾಡುವಾಗ ಯಾವ ರೇಸ್ ಬಿಗಿಯಾಗಿ ಕೂರಬೇಕೋ ಅದನ್ನೇ ಒತ್ತಿ. ಬಲ ಗುಂಡುಗಳ ಮೂಲಕ ಹಾದರೆ ಹೊಸ ಬೇರಿಂಗಿನ ಕಥೆ ಅಲ್ಲಿಗೇ ಮುಗಿಯುತ್ತದೆ.

ಹಿಂದಿನ ಹಬ್ಬಿನ ವಿಷಯ ಬೇರೆ. ಅಲ್ಲಿ ಗಾಲಿ ತಿರುಗಿಸುವ ಡ್ರೈವ್‌ಶಾಫ್ಟಿನ ಸ್ಪ್ಲೈನ್ (ಹಲ್ಲುಗಳು) ಹಬ್ಬಿಗೆ ಕೂಡಬೇಕು. ಹಬ್ಬೂ ಹೊರಗಿನ ಸಿವಿ ಜಾಯಿಂಟೂ (ಶಾಫ್ಟಿನ ತುದಿಯ ಬಾಗುವ ಕೀಲು) ಒಂದೇ ಕಾರಿನಿಂದ ತಂದರೆ ತಲೆನೋವಿಲ್ಲ. ಪ್ರೆಸ್ ಮಾಡುವ ಬೇರಿಂಗುಗಳಲ್ಲಿ, ಬೋಲ್ಟ್ ಹಾಕುವವುಗಳಲ್ಲೂ ಕೆಲವದರಲ್ಲಿ, ಒಳಗಿನ ರೇಸುಗಳನ್ನು ಒತ್ತಿಹಿಡಿದು ಪ್ರಿಲೋಡ್ (ಸಡಿಲವಿಲ್ಲದಂತೆ ಮೊದಲೇ ಕೊಡುವ ಬಿಗಿ) ಕೊಡುವುದು ಶಾಫ್ಟಿನ ನಟ್ಟೇ. ಮುಂದಿನ ಗಾಲಿ ಎಳೆಯುವ ಕಾರಿನ ಅಂಥ ಹಬ್ಬನ್ನು ಶಾಫ್ಟ್ ಇಲ್ಲದ ಕಡೆ ಹಾಕುವವರು ಸಿವಿ ಜಾಯಿಂಟಿನ ತುದಿಯನ್ನಾದರೂ ಉಳಿಸಿ ನಟ್ ಬಿಗಿಯಬೇಕು. ನಟ್ಟಿಗೆ ಹೇಳಿದಷ್ಟು ಟಾರ್ಕ್ (ಬಿಗಿಯುವ ತಿರುಚುಬಲ) ಕೊಡುವ ತನಕ ಗಾಡಿಯನ್ನು ನೆಲಕ್ಕಿಳಿಸಬಾರದು. ನಾಲ್ಕೂ ಕಡೆ ಬೋಲ್ಟ್ ಸರ್ಕಲ್ ಒಂದೇ ಇರಲಿ ಎಂದು 4×100 (100 ಮಿ.ಮೀ. ವ್ಯಾಸದ ವೃತ್ತದಲ್ಲಿ ನಾಲ್ಕು ಬೋಲ್ಟ್) ಆರಿಸಿಕೊಂಡೆ.

ಅಂದಕ್ಕೆಂದು ಹಬ್ಬಿಗೂ ಗಾಲಿಗೂ ನಡುವೆ ಸ್ಪೇಸರ್ ಬಿಲ್ಲೆ ಹಾಕಿ ಗಾಲಿಯನ್ನು 25 ಮಿ.ಮೀ. ಹೊರಗೆ ತಳ್ಳಿದರೆ, 200 ಕೆ.ಜಿ. ಹೊರುವ ಮೂಲೆಯಲ್ಲಿ ನೇರ ರಸ್ತೆಯಲ್ಲೂ ಬೇರಿಂಗಿಗೆ ಸುಮಾರು 50 ನ್ಯೂಟನ್-ಮೀಟರ್ ಹೊಸ ಹೊರೆ. ತಿರುವಿನ ಲೆಕ್ಕದ ಮುಂದೆ ಅದು ಚಿಕ್ಕದು, ಆದರೆ ಬಿಡುವಿಲ್ಲದ್ದು.

ಕೂರಿಸಿದ ಮೇಲೆ ಹಬ್ಬಿನ ಮುಖಕ್ಕೆ ಡಯಲ್ ಗೇಜ್ ಹಿಡಿದು ತಿರುಗಿಸಿದೆ. ಮುಖದ ಓಲಾಟ 0.05 ಮಿ.ಮೀ. ಒಳಗೆ ಬಂದ ಮೇಲಷ್ಟೇ ಡಿಸ್ಕ್ ಹಾಕಿದ್ದು. ಓಡಿಸುವಾಗ ನಾನು ಬ್ರೇಕ್ ಪೆಡಲ್ ಕಡೆ ಗಮನ ಇಡುತ್ತೇನೆ: ಬಿರುಸಿನ ತಿರುವು ಮುಗಿದೊಡನೆ ಮೊದಲ ಒತ್ತು ಆಳಕ್ಕೆ ಹೋದರೆ, ಹಬ್ ಬಾಗಿ ಡಿಸ್ಕು ಪ್ಯಾಡನ್ನು ಹಿಂದಕ್ಕೆ ತಳ್ಳಿರುವ ಸಾಧ್ಯತೆ ಹೆಚ್ಚು. ಬಲಕ್ಕೆ ತಿರುಗುವಾಗ ಗೊರಗೊರ ಸದ್ದು ಹೆಚ್ಚಿದರೆ ಎಡಗಡೆಯ ಬೇರಿಂಗನ್ನು ಮೊದಲು ನೋಡಿ.