ಅಡಿಕೆ ಲೆಕ್ಕಕ್ಕೊಂದು ಎಕ್ಸೆಲ್ ಡ್ಯಾಶ್‌ಬೋರ್ಡ್

ಬದಿಯಡ್ಕ, ಪೆರ್ಲ, ಕುಂಬಳೆ ಅಂತ ಬೇರೆ ಬೇರೆ ಕಡೆ ಅಡಿಕೆ ಮಾರುವವರು ಮೊದಲು ಲೆಕ್ಕವನ್ನೆಲ್ಲ ಒಂದೇ ಶೀಟಿಗೆ ತನ್ನಿ: ತಾರೀಕು, ಊರು, ಹೊಸತೋ ಹಳತೋ, ಕಿಲೋ, ಮೊತ್ತ. ಕಂಟ್ರೋಲ್ ಟಿ ಒತ್ತಿ ಟೇಬಲ್ ಮಾಡಿ. ಇದನ್ನು ಬಿಡಲೇಬೇಡಿ, ಮುಂದೆ ಬರೆಯುವ ಸಾಲುಗಳೂ ಅದಕ್ಕೇ ಸೇರಿಕೊಳ್ಳುತ್ತವೆ. ಒಮ್ಮೆ ‘ಕುಂಬಳೆ’, ಇನ್ನೊಮ್ಮೆ ‘ಕುಂಬ್ಳೆ’ ಅಂತ ಬರೆದರೆ ಎಕ್ಸೆಲ್‌ಗೆ ಅವು ಎರಡು ಊರು, ಹಾಗಾಗಿ ಡೇಟಾ ವ್ಯಾಲಿಡೇಶನ್‌ನಲ್ಲಿ ಊರುಗಳ ಪಟ್ಟಿ ಕೊಟ್ಟು ಅದರಿಂದಲೇ ಆರಿಸುವಂತೆ ಮಾಡಿ.

ಆಮೇಲೆ ಎರಡು ಪಿವೋಟ್ ಟೇಬಲ್ (ಸಾಲುಗಳನ್ನು ಗುಂಪು ಮಾಡಿ ಮೊತ್ತ ತೋರಿಸುವ ಪಟ್ಟಿ) ಸಾಕು: ತಿಂಗಳಿಗೆ ಎಷ್ಟು ಕಿಲೋ, ಹೊಸತು-ಹಳತಕ್ಕೆ ಎಷ್ಟು ದುಡ್ಡು. ಎರಡಕ್ಕೂ ಚಾರ್ಟ್ ಹಾಕಿ, ಊರಿನ ಸ್ಲೈಸರ್ (ಒತ್ತಿದ ಊರಿನ ಲೆಕ್ಕ ಮಾತ್ರ ತೋರಿಸುವ ಬಟನ್‌ಗಳು) ಸೇರಿಸಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ರಿಪೋರ್ಟ್ ಕನೆಕ್ಷನ್ಸ್‌ನಲ್ಲಿ ಎರಡೂ ಪಿವೋಟ್‌ಗೆ ಟಿಕ್ ಹಾಕಿ. ಈಗ ಪೆರ್ಲ ಒತ್ತಿದರೆ ಎರಡೂ ಚಾರ್ಟ್ ಒಟ್ಟಿಗೇ ಬದಲಾಗುತ್ತವೆ. ಸುಮ್ನೆ ಬಣ್ಣ ತುಂಬಬೇಡಿ. ಹೊಸ ಸಾಲು ಹಾಕಿದಾಗಲೆಲ್ಲ ರಿಫ್ರೆಶ್ ಆಲ್ ಒತ್ತಿ, ಇಲ್ಲದಿದ್ದರೆ ಚಾರ್ಟ್‌ನಲ್ಲಿ ಹಳೇ ಲೆಕ್ಕವೇ ಇರುತ್ತದೆ.