ರೀಪರ್‌ಗೆ ಆಡಿಯೊ ಡಿವೈಸ್ ಸಿಗದಿದ್ದರೆ

ಕಂಪ್ಯೂಟರಿನಲ್ಲಿ ಸದ್ದು ರೆಕಾರ್ಡ್ ಮಾಡುವ ತಂತ್ರಾಂಶ ರೀಪರ್ ತೆರೆದಾಗ ಆಡಿಯೊ ಡಿವೈಸ್ ಸಿಗುತ್ತಿಲ್ಲ ಎಂದು ಬಂದರೆ, ಇಂಟರ್‌ಫೇಸ್ (ಮೈಕ್, ವಾದ್ಯಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಕೆಟ್ಟಿತು ಎಂದು ಗಾಬರಿಯಾಗಬೇಡಿ. ಎಷ್ಟೋ ಸಲ ಬ್ರೌಸರ್ ಅದನ್ನು ಹಿಡಿದುಕೊಂಡಿರುತ್ತದೆ. ಹಾಡುತ್ತಿರುವ ಟ್ಯಾಬ್ ಮುಚ್ಚಿ, ಮತ್ತೆ ನೋಡಿ.

ಆಗಲೂ ಬರದಿದ್ದರೆ ಆಪ್ಷನ್ಸ್, ಪ್ರಿಫರೆನ್ಸಸ್, ಆಡಿಯೊ, ಡಿವೈಸ್‌ಗೆ ಹೋಗಿ. ಅಲ್ಲಿ ಎಎಸ್‌ಐಒ4ಆಲ್ (ASIO4ALL) ಆಯ್ಕೆಯಾಗಿದ್ದರೆ ಅದನ್ನು ಬಿಟ್ಟು, ನಿಮ್ಮ ಇಂಟರ್‌ಫೇಸ್ ಕಂಪನಿಯದೇ ಎಎಸ್‌ಐಒ (ASIO, ಸದ್ದು ತಡವಾಗದಂತೆ ಸಾಗಿಸುವ ವಿಧಾನ) ಡ್ರೈವರ್ ಆರಿಸಿ. ಎಎಸ್‌ಐಒ4ಆಲ್ ವಿಂಡೋಸ್ ಡ್ರೈವರ್‌ನ ಮೇಲೆ ಕೂರುವ ಹೊದಿಕೆ ಅಷ್ಟೇ. ವಿಂಡೋಸ್ ಅದೇ ಡಿವೈಸ್ ಬಳಸುತ್ತಿದ್ದರೆ ಇದಕ್ಕೆ ಜಾಗ ಸಿಗದು.

ವಿಂಡೋಸ್‌ನ ಡೀಫಾಲ್ಟ್ ಸ್ಪೀಕರ್ ಆಗಿ ಲ್ಯಾಪ್‌ಟಾಪ್‌ನದನ್ನೇ ಇಡಿ, ಇಂಟರ್‌ಫೇಸನ್ನು ರೀಪರ್‌ಗೆ ಬಿಟ್ಟುಕೊಡಿ. ಎರಡೂ ಒಂದನ್ನೇ ಬಳಸಲೇಬೇಕೆಂದರೆ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಸದ್ದನ್ನು ಎಷ್ಟು ಸಲ ಅಳೆಯುತ್ತದೆ ಎಂಬ ಲೆಕ್ಕ) ಎರಡೂ ಕಡೆ 48000 ಇರಲಿ. ಒಂದು ಕಡೆ 44100 ಉಳಿದರೂ ತೊಂದರೆಯೇ.

ಬಫರ್ (ಒಮ್ಮೆಗೆ ಕೂಡಿಟ್ಟು ಸಾಗಿಸುವ ಸದ್ದಿನ ಪ್ರಮಾಣ) 256ರಲ್ಲಿ ಚಟಪಟ ಸದ್ದು ಬಂದರೆ 512 ಮಾಡಿ.